ಅಕ್ಕ-ತಂಗಿ ಮೋಸ ಅಂದ್ರೆ ನೋಡುಗರು ಯಾಕಿಷ್ಟು ಉರೀತಾರೆ? ಆರ್ಕೇನ್, ನಾಗಿನ್ ಮತ್ತು ಮಲೆನಾಡಿನ ಜಗಲಿ

ಆರ್ಕೇನ್ ಅನ್ನೋ ಅನಿಮೇಷನ್ ಸೀರೀಸ್‌ನ ಎರಡನೇ ಸೀಸನ್ 2024ರ ನವೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು, ಅದೇ ತಿಂಗಳು ಮುಗಿದೂ ಹೋಯ್ತು, ಆದ್ರೆ ವೈ ಮತ್ತು ಜಿಂಕ್ಸ್ ಅನ್ನೋ ಆ ಅಕ್ಕ-ತಂಗಿಯಲ್ಲಿ ಯಾರು ಯಾರಿಗೆ ಮೋಸ ಮಾಡಿದ್ರು ಅನ್ನೋ ಜಗಳ ಮಾತ್ರ ಮುಗೀತಾನೇ ಇಲ್ಲ. ಶಿವಮೊಗ್ಗದ ಹಾಸ್ಟೆಲ್‌ಗಳಲ್ಲಿ, ಸಾಗರ-ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ಹೋಗಿರೋ ಹುಡುಗ್ರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇದೇ ಮಾತು, ತಂಗಿನ ಹಿಡಿಯೋಕೆ ಪೊಲೀಸ್ ಬ್ಯಾಡ್ಜ್ ಹಾಕ್ಕೊಂಡವಳು ಎಂಥಾ ಅಕ್ಕ ಅಂತ ಒಬ್ರು, ಅಷ್ಟು ಜನರನ್ನ ಕೊಂದವಳು ಎಂಥಾ ತಂಗಿ ಅಂತ ಇನ್ನೊಬ್ರು. ಅದೇ ಮಕ್ಕಳ ಊರಿನ ಮನೇಲಿ ಅಮ್ಮನೋ ದೊಡ್ಡಮ್ಮನೋ ರಾತ್ರಿ ಧಾರಾವಾಹಿ ನೋಡ್ತಾ "ಒಡಹುಟ್ಟಿದವಳಿಗೆ ಹಿಂಗೆ ಮಾಡೋದಾ, ಹಾಳಾಗಿ ಹೋಗ್ಲಿ ಇವಳು" ಅಂತ ಟಿವಿಗೆ ಶಾಪ ಹಾಕ್ತಿರ್ತಾರೆ.

ಇದನ್ನ ಹೊರಗಿಂದ ನೋಡೋರಿಗೆ ಗೊಂದಲ ಆಗೋದು ಸಹಜ. ಇಲ್ಲದೇ ಇರೋ ಊರು, ಇಲ್ಲದೇ ಇರೋ ಮಾಯೆ, ಬರೆದು ಮಾಡಿದ ಅಕ್ಕ-ತಂಗಿ, ಇದಕ್ಕೆ ಇಷ್ಟು ಸಿಟ್ಟು ಯಾಕೆ? ಇನ್ನೂ ದೊಡ್ಡ ಗೊಂದಲ ಅಂದ್ರೆ ಸಿಟ್ಟು ಎಲ್ಲಾ ಕಡೆ ಒಂದೇ ಥರ ಇಲ್ಲ. ಒಂದು ಸೀರೀಸ್‌ನಲ್ಲಿ ಮೋಸ ಆದಾಗ ಜನ ಎರಡು ಪಕ್ಷ ಆಗಿ ವಾದ ಮಾಡ್ತಾರೆ, ಇನ್ನೊಂದರಲ್ಲಿ ಕಥೆ ಬರೆದವರ ಮೇಲೆ ಮುಗಿಬೀಳ್ತಾರೆ, ಮತ್ತೊಂದರಲ್ಲಿ ಪಾತ್ರ ಮಾಡಿದ ನಟಿಯ ಫೋಟೋ ಕೆಳಗೆ ಹೋಗಿ ಬೈದು ಬರ್ತಾರೆ. ಮೋಸ ಅದೇ, ಸಂಬಂಧ ಅದೇ, ಪ್ರತಿಕ್ರಿಯೆ ಮಾತ್ರ ಬೇರೆ ಬೇರೆ. ಇದಕ್ಕೆ ಕಾರಣ ಮೋಸದ ದೊಡ್ಡತನ ಅಲ್ಲ ಅನ್ನೋದು ಈ ಲೇಖನದ ವಾದ. ಆ ಮೋಸದ ಹಿಂದಿನ ವಿಷಯ ಯಾರಿಗೆ ಎಷ್ಟು ಗೊತ್ತಿತ್ತು, ಅಕ್ಕನಿಗೆಷ್ಟು, ತಂಗಿಗೆಷ್ಟು, ನೋಡೋ ನಮಗೆಷ್ಟು, ಇದರ ಮೇಲೆ ಎಲ್ಲಾ ನಿಂತಿದೆ.

(ಕೆಳಗೆ ಆರ್ಕೇನ್, ಗೇಮ್ ಆಫ್ ಥ್ರೋನ್ಸ್ ಮತ್ತು ನಾಗಿನ್ ಕಥೆಯ ಮುಖ್ಯ ತಿರುವುಗಳು ಬರ್ತವೆ, ನೋಡದೇ ಇರೋರು ನೋಡ್ಕೊಂಡು ಬನ್ನಿ.)

ಆರ್ಕೇನ್: ನಮಗೆ ಎರಡೂ ಗೊತ್ತು, ಅವರಿಗೆ ಅರ್ಧರ್ಧ

ಮೊದಲ ಸೀಸನ್ ಬಂದಿದ್ದು 2021ರ ನವೆಂಬರ್‌ನಲ್ಲಿ. ಲೀಗ್ ಆಫ್ ಲೆಜೆಂಡ್ಸ್ ಅನ್ನೋ ಗೇಮ್‌ನ ಪಾತ್ರಗಳನ್ನ ಇಟ್ಕೊಂಡು ರಯಟ್ ಗೇಮ್ಸ್ ಕಂಪನಿ, ಫ್ರಾನ್ಸ್‌ನ ಫೋರ್ಟಿಶ್ ಸ್ಟುಡಿಯೋ ಜೊತೆ ಮಾಡಿದ ಅನಿಮೇಷನ್ ಸೀರೀಸ್ ಇದು, 2022ರಲ್ಲಿ ಎಮ್ಮಿ ಪ್ರಶಸ್ತಿನೂ ಬಂತು. ಮೇಲೆ ಪಿಲ್ಟೋವರ್ ಅನ್ನೋ ಶ್ರೀಮಂತ ನಗರ, ಕೆಳಗೆ ಹೊಗೆ ತುಂಬಿದ ಬಡವರ ಜೌನ್. ವೈ ಅಕ್ಕ, ಪೌಡರ್ ತಂಗಿ, ಅಪ್ಪ-ಅಮ್ಮ ದಂಗೆಯಲ್ಲಿ ಸತ್ತಿದ್ದಾರೆ, ಸಾಕಿದ್ದು ವ್ಯಾಂಡರ್ ಅನ್ನೋನು.

ಎಲ್ಲಾ ಜಗಳದ ಬೇರು ಇರೋದು ಮೂರನೇ ಎಪಿಸೋಡ್‌ನಲ್ಲಿ, ಅದನ್ನ ಸ್ವಲ್ಪ ನಿಧಾನಕ್ಕೆ ನೋಡಣ. ವ್ಯಾಂಡರ್‌ನನ್ನ ಸಿಲ್ಕೋ ಅನ್ನೋ ಶತ್ರುವಿನ ಕಡೆಯವರು ಹಿಡ್ಕೊಂಡು ಹೋಗಿರ್ತಾರೆ, ವೈ ಬಿಡಿಸೋಕೆ ಹೊರಡ್ತಾಳೆ, ನೀನು ಮನೇಲೇ ಇರು ಅಂತ ಪೌಡರ್‌ಗೆ ಹೇಳಿರ್ತಾಳೆ. ಪೌಡರ್ ಕೇಳಲ್ಲ, ಸಹಾಯ ಮಾಡ್ಬೇಕು ಅಂತ ತಾನೇ ಮಾಡಿದ ಬಾಂಬ್ ತಗೊಂಡು ಹಿಂದೆ ಬರ್ತಾಳೆ. ಬಾಂಬ್ ಸಿಡಿಯುತ್ತೆ, ಜೊತೆಗೆ ಬೆಳೆದ ಇಬ್ಬರು ಹುಡುಗ್ರು ಸಾಯ್ತಾರೆ, ಕೊನೆಗೆ ವ್ಯಾಂಡರ್ ಕೂಡ ಉಳಿಯಲ್ಲ. ತನ್ನ ಬಾಂಬ್ ಕೆಲಸ ಮಾಡ್ತು ಅಂತ ಕುಣೀತಾ ಬಂದ ತಂಗಿಗೆ ವೈ ಹೊಡೀತಾಳೆ, ನೀನು ಜಿಂಕ್ಸ್, ಅಂದ್ರೆ ಅಪಶಕುನ ಅಂತಾಳೆ, ಎದ್ದು ಹೋಗ್ತಾಳೆ. ಆದ್ರೆ ದೂರ ಹೋಗಲ್ಲ, ಪಕ್ಕದ ಸಂದಿಯಲ್ಲಿ ಕೂತು ಅಳ್ತಾಳೆ, ಸಿಲ್ಕೋ ತಂಗಿ ಹತ್ರ ಬರೋದು ಕಂಡು ವಾಪಸ್ ಓಡೋಕೆ ನೋಡ್ತಾಳೆ, ಅಷ್ಟರಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಹಿಂದಿಂದ ಅವಳ ಬಾಯಿ ಮುಚ್ಚಿ ಪ್ರಜ್ಞೆ ತಪ್ಪಿಸಿ ಎತ್ಕೊಂಡು ಹೋಗಿ ಜೈಲಿಗೆ ಹಾಕ್ತಾನೆ. ಪೌಡರ್‌ಗೆ ಇದ್ಯಾವುದೂ ಗೊತ್ತಿಲ್ಲ. ಅವಳ ಪಾಲಿಗೆ ಅಕ್ಕ ಹೊಡೆದಳು, ಬೈದಳು, ಬಿಟ್ಟು ಹೋದಳು, ತಬ್ಬಿಕೊಂಡವನು ಸಿಲ್ಕೋ. ಅಲ್ಲಿಂದ ಅವಳು ಜಿಂಕ್ಸ್ ಆಗಿ ಬೆಳೀತಾಳೆ.

ಇಲ್ಲಿ ಬರೆದವರು ಮಾಡಿರೋ ಕೆಲಸ ಗಮನಿಸಿ. ಸಂದಿಯಲ್ಲಿ ಅಳೋ ವೈನೂ ನಮಗೆ ಕಾಣ್ತಾಳೆ, ಬೂದಿ ಮಧ್ಯೆ ಅಕ್ಕಾ ಅಂತ ಕೂಗೋ ಪೌಡರೂ ಕಾಣ್ತಾಳೆ. ಪೂರ್ತಿ ವಿಷಯ ಗೊತ್ತಿರೋದು ನಮಗೆ ಮಾತ್ರ, ಅಕ್ಕನಿಗೆ ಒಂದು ಅರ್ಧ, ತಂಗಿಗೆ ಇನ್ನೊಂದು ಅರ್ಧ. ಹಾಗಾಗಿ ಮುಂದೆ ವರ್ಷಗಳಾದ ಮೇಲೆ ವೈ ಜೈಲಿಂದ ಬಂದಾಗ ಪಕ್ಕದಲ್ಲಿ ಕೇಟ್ಲಿನ್ ಅನ್ನೋ ಪೊಲೀಸ್ ಹುಡುಗಿ ಇರೋದು ನೋಡಿ ಜಿಂಕ್ಸ್ ಎದೆ ಒಡೆಯುತ್ತಲ್ಲ, ಅದು ತಪ್ಪು ತಿಳುವಳಿಕೆ ಅಂತ ನಮಗೆ ಗೊತ್ತು, ಆದ್ರೂ ಅವಳಿಗೆ ಹಾಗನ್ನಿಸೋದ್ರಲ್ಲಿ ತಪ್ಪಿಲ್ಲ ಅಂತಾನೂ ಗೊತ್ತು.

ಜಿಂಕ್ಸ್ ಮೊದಲ ಸೀಸನ್ ಕೊನೆಗೆ ಪಿಲ್ಟೋವರ್ ಆಳೋ ಕೌನ್ಸಿಲ್ ಮೇಲೆ ರಾಕೆಟ್ ಬಿಡ್ತಾಳೆ, ಕೇಟ್ಲಿನ್ ಅಮ್ಮ ಸಾಯ್ತಾಳೆ. ಎರಡನೇ ಸೀಸನ್‌ನಲ್ಲಿ ವೈ ತನ್ನ ಅಪ್ಪ-ಅಮ್ಮನ್ನ ಕೊಂದ ಪೊಲೀಸ್ ಪಡೆಯದ್ದೇ ಬ್ಯಾಡ್ಜ್ ಹಾಕ್ಕೊಂಡು ತಂಗಿನ ಹುಡುಕ್ತಾಳೆ, ಆ ತಂಡ ಜೌನ್‌ನ ಗಲ್ಲಿಗಳಿಗೆ ವಿಷದ ಹೊಗೆ ಬಿಟ್ಟು ನುಗ್ಗುತ್ತೆ. ವೈ ಪಕ್ಷದವರ ವಾದ ಏನಂದ್ರೆ, ತಂಗಿನ ಉಳಿಸೋಕೆ ಅವಳು ಎಷ್ಟು ಸಲ ಕೈ ಚಾಚಿಲ್ಲ, ಸಾವಿಗೆ ಒಬ್ಬರಾದ್ರೂ ಉತ್ತರ ಕೊಡ್ಬೇಕಲ್ವಾ. ಜಿಂಕ್ಸ್ ಪಕ್ಷದವರು ಅನ್ನೋದು, ತಂಗಿ ಮೇಲೆ ಸಿಟ್ಟಿದ್ರೆ ತಂಗಿ ಹತ್ರ ಹೋಗ್ಲಿ, ಇಡೀ ಕೇರಿಗೆ ಹೊಗೆ ಹಾಕೋರ ಜೊತೆ ಸೇರೋದು ಹುಟ್ಟಿದ ಊರಿಗೇ ಮಾಡಿದ ದ್ರೋಹ. ನನ್ನನ್ನ ಕೇಳಿದ್ರೆ ಎರಡನೇ ಸೀಸನ್‌ನ ಮಟ್ಟಿಗೆ ಜಿಂಕ್ಸ್ ಪಕ್ಷದ ವಾದಕ್ಕೇ ತೂಕ ಜಾಸ್ತಿ, ಯಾಕಂದ್ರೆ ವೈ ಆ ಬ್ಯಾಡ್ಜ್ ಒಪ್ಪಿಕೊಳ್ಳೋ ನಿರ್ಧಾರಕ್ಕೆ ಕಥೆ ಕೊಟ್ಟ ಸಮಯ ತೀರಾ ಕಡಿಮೆ, ಮೂರನೇ ಎಪಿಸೋಡಿಗೆ ಕೊಟ್ಟ ತಾಳ್ಮೆ ಅಲ್ಲಿಲ್ಲ. ಆದ್ರೂ ಜನ ಬರೆದವರನ್ನ ಬಿಟ್ಟು ಒಬ್ರಿಗೊಬ್ರು ವಾದ ಮಾಡ್ತಿದ್ದಾರೆ ಅಂದ್ರೆ ಅದು ಮೊದಲ ಸೀಸನ್ ಹಾಕಿದ ಪಾಯದ ಶಕ್ತಿ.

ವಿಂಟರ್‌ಫೆಲ್: ಅವರಿಗೆ ಗೊತ್ತು, ನಮಗೆ ಮಾತ್ರ ಇಲ್ಲ

ಇದಕ್ಕೆ ಸರಿಯಾಗಿ ಉಲ್ಟಾ ಆಗಿದ್ದು ಗೇಮ್ ಆಫ್ ಥ್ರೋನ್ಸ್ ಏಳನೇ ಸೀಸನ್‌ನಲ್ಲಿ, 2017ರಲ್ಲಿ. ಸಾನ್ಸಾ ಮತ್ತು ಆರ್ಯಾ, ಸ್ಟಾರ್ಕ್ ಮನೆತನದ ಅಕ್ಕ-ತಂಗಿ, ವರ್ಷಗಟ್ಟಲೆ ದೂರ ಇದ್ದು ವಿಂಟರ್‌ಫೆಲ್ ಕೋಟೆಯಲ್ಲಿ ಮತ್ತೆ ಸೇರ್ತಾರೆ. ಲಿಟಲ್‌ಫಿಂಗರ್ ಅನ್ನೋ ಕುತಂತ್ರಿ ಒಂದು ಹಳೇ ಕಾಗದ ಆರ್ಯಾ ಕೈಗೆ ಸಿಗೋ ಹಾಗೆ ಮಾಡ್ತಾನೆ, ಸಾನ್ಸಾ ಚಿಕ್ಕವಳಿದ್ದಾಗ ಶತ್ರುಗಳ ಒತ್ತಾಯಕ್ಕೆ ಬರೆದ ಕಾಗದ ಅದು. ಅಲ್ಲಿಂದ ಇಬ್ಬರ ಮಧ್ಯೆ ಅನುಮಾನ, ಬೆದರಿಕೆ, ನಿನ್ನ ಮುಖಾನೇ ಕಿತ್ತು ಹಾಕ್ಕೋಬಹುದು ಅನ್ನೋವರೆಗೂ ಮಾತು ಹೋಗುತ್ತೆ. ಕೊನೇ ಎಪಿಸೋಡ್‌ನಲ್ಲಿ ಸಭೆ ಕರೆದಾಗ ಆರ್ಯಾಗೆ ಶಿಕ್ಷೆ ಅಂತ ನಾವು ಉಸಿರು ಹಿಡಿದಿದ್ರೆ, ಸಾನ್ಸಾ ತಿರುಗಿ ಲಿಟಲ್‌ಫಿಂಗರ್ ಮೇಲೆ ಆರೋಪ ಓದ್ತಾಳೆ, ಆರ್ಯಾ ಅವನ ಕತ್ತು ಕುಯ್ತಾಳೆ.

ಆ ಕ್ಷಣಕ್ಕೆ ಚಪ್ಪಾಳೆ ಬಿತ್ತು, ಸುಳ್ಳಲ್ಲ. ಆಮೇಲೆ ಕೂತು ಯೋಚನೆ ಮಾಡಿದವರಿಗೆ ಒಂದು ಪ್ರಶ್ನೆ ಚುಚ್ಚೋಕೆ ಶುರುವಾಯ್ತು: ಆರನೇ ಎಪಿಸೋಡ್‌ನಲ್ಲಿ ಅಕ್ಕ-ತಂಗಿ ಕೋಣೆಯೊಳಗೆ ಇಬ್ಬರೇ ಇದ್ದಾಗ ಅಷ್ಟು ಭಯಂಕರ ಜಗಳ ಆಡಿದ್ರಲ್ಲ, ಅದು ನಾಟಕ ಆಗಿದ್ರೆ ಯಾರಿಗೆ ತೋರಿಸೋಕೆ? ಅಲ್ಲಿ ಲಿಟಲ್‌ಫಿಂಗರ್ ಇರಲಿಲ್ಲ, ಬೇರೆ ಯಾರೂ ಇರಲಿಲ್ಲ. ನಿಜವಾದ ಜಗಳ ಆಗಿದ್ರೆ ರಾಜಿ ಆಗಿದ್ದು ಯಾವಾಗ, ಅದನ್ನ ಯಾಕೆ ತೋರಿಸಲಿಲ್ಲ? ತೋರಿಸಿದ್ರೆ ಸಭೆಯ ತಿರುವು ಮೊದಲೇ ಗೊತ್ತಾಗಿಬಿಡ್ತಿತ್ತು, ಅದಕ್ಕೇ ರಾಜಿಯ ದೃಶ್ಯ ನಮ್ಮ ಕಣ್ಣಿಂದ ಮುಚ್ಚಿಟ್ರು ಅನ್ನೋದು ಬಿಟ್ರೆ ಬೇರೆ ಉತ್ತರ ಕಾಣಲ್ಲ.

ಇಂಥಾ ಕಡೆ ನೋಡುಗರ ಸಿಟ್ಟು ಪಾತ್ರದ ಮೇಲೆ ನಿಲ್ಲೋಕೆ ಜಾಗಾನೇ ಇಲ್ಲ. ಅಕ್ಕ ತಂಗಿಗೆ ಮೋಸ ಮಾಡಿಲ್ಲ, ತಂಗಿ ಅಕ್ಕನಿಗೂ ಮಾಡಿಲ್ಲ, ಮೋಸ ಹೋಗಿದ್ದು ನಾವು, ಹಾಗಾಗಿ ಸಿಟ್ಟು ಸೀದಾ ಬರೆದವರ ಹತ್ರ ಹೋಗುತ್ತೆ.

ನಾಗಿನ್ ಮತ್ತು ಮೀಟರ್

ಮೂರನೇ ಥರದ್ದು ಟಿವಿ ಧಾರಾವಾಹಿ. ಕಲರ್ಸ್ ಚಾನಲ್‌ನ ಹಿಂದಿ ನಾಗಿನ್ 2015ರ ನವೆಂಬರ್‌ನಲ್ಲಿ ಶುರುವಾಯ್ತು. ಶಿವನ್ಯಾ ಮತ್ತು ಶೇಷಾ ಅನ್ನೋ ಇಬ್ಬರು ಇಚ್ಛಾಧಾರಿ ನಾಗಿನಿಯರು ಅಕ್ಕ-ತಂಗಿಯರ ಹಾಗೆ ಒಟ್ಟಿಗೆ ಸೇಡಿಗೆ ಹೊರಡ್ತಾರೆ, ಕೊನೆಗೆ ಶಿವನ್ಯಾಳ ಗಂಡ ರಿತಿಕ್ ಮೇಲೆ ಶೇಷಾಗೂ ಮನಸ್ಸಾಗಿ ಅವಳು ಶತ್ರು ಯಾಮಿನಿ ಜೊತೆ ಸೇರ್ಕೋತಾಳೆ. ಕನ್ನಡದಲ್ಲೂ 2016ರಲ್ಲಿ ಜೀ ಕನ್ನಡದಲ್ಲಿ ನಾಗಿಣಿ ಬಂತು, ಮಲೆನಾಡಿನ ಮನೆಗಳಲ್ಲಿ ನಾಗಬನ, ನಾಗರಪಂಚಮಿ ಎಲ್ಲಾ ದಿನದ ಬದುಕಿನ ಭಾಗ ಆಗಿರೋದ್ರಿಂದ ಈ ಕಥೆಗಳಿಗೆ ಇಲ್ಲಿ ಹೊಸದಾಗಿ ಪರಿಚಯ ಬೇಕಾಗಲಿಲ್ಲ.

ಧಾರಾವಾಹಿಯಲ್ಲಿ ಮೋಸದ ಕಾರಣ ಎಷ್ಟೋ ಸಲ ಒಂದೇ ಸಾಲಲ್ಲಿ ಮುಗಿಯುತ್ತೆ, ಅವಳಿಗೂ ಇವನೇ ಬೇಕು, ಅಷ್ಟೇ. ನಿನ್ನೆವರೆಗೆ ಜೀವ ಕೊಡ್ತಿದ್ದವಳು ಇವತ್ತು ವಿಷ ಕೊಡ್ತಾಳೆ. ಬರೆಯೋರಿಗೆ ಕೈ ಬರಲ್ಲ ಅಂತಲ್ಲ, ಬರವಣಿಗೆ ನಡೆಯೋ ರೀತೀನೇ ಹಂಗಿದೆ. ಟಿಆರ್‌ಪಿ ಲೆಕ್ಕ ಇಡೋದು ಬಾರ್ಕ್ ಅನ್ನೋ ಸಂಸ್ಥೆ. ಆಯ್ದ ಕೆಲವು ಮನೆಗಳ ಟಿವಿಗೆ ಮೀಟರ್ ಇಟ್ಟಿರ್ತಾರೆ, ಚಾನಲ್‌ನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರ್ತಾರೆ, ಮೀಟರ್ ಆ ಗುರುತು ಹಿಡಿದು ಯಾವ ಚಾನಲ್ ಎಷ್ಟು ನಿಮಿಷ ಓಡ್ತು ಅಂತ ಬರ್ಕೊಳುತ್ತೆ. ವಾರ ವಾರ ಅಂಕಿ ಬರುತ್ತೆ, ಅಂಕಿ ನೋಡ್ಕೊಂಡು ಕಥೆ ತಿರುಗುತ್ತೆ. ಆ ಮೀಟರ್‌ಗೆ ಗೊತ್ತಾಗೋದು ಯಾವ ಚಾನಲ್ ಓಡ್ತು, ಮನೆಯವರಲ್ಲಿ ಯಾರು ನೋಡ್ತಿದ್ರು ಅನ್ನೋದು ಮಾತ್ರ, ನೋಡ್ತಾ ಕೂತವರು ಖುಷಿಯಲ್ಲಿದ್ರೋ ಶಾಪ ಹಾಕ್ತಿದ್ರೋ ಗೊತ್ತಾಗಲ್ಲ. ಹಾಗಾಗಿ ತಂಗಿ ಮೋಸಕ್ಕೆ ಇಡೀ ಕರ್ನಾಟಕ ಬೈತಾ ನೋಡಿದ್ರೂ ಚಾನಲ್‌ಗೆ ಬರೋ ಸುದ್ದಿ ಒಂದೇ, ಈ ವಾರ ನಂಬರ್ ಏರಿದೆ, ಇನ್ನೊಂದು ಮೋಸ ಇಡಿ.

ಇಲ್ಲಿ ಆ ಒಂದು ಸಾಲು ಬಿಟ್ರೆ ಮೋಸದ ಕಾರಣ ನಮಗೂ ಗೊತ್ತಿಲ್ಲ, ಪಾತ್ರಕ್ಕೂ ಇಲ್ಲ, ಮುಂದಿನ ವಾರದ ಸ್ಕ್ರಿಪ್ಟ್ ಬರೋವರೆಗೆ ಬರೆಯೋರಿಗೂ ಪೂರ್ತಿ ಗೊತ್ತಿರಲ್ಲ. ಕಾರಣ ಇಲ್ಲದ ಕೆಟ್ಟತನ ನೋಡಿದಾಗ ಮನಸ್ಸು ಅದನ್ನ ಯಾರಿಗಾದ್ರೂ ಅಂಟಿಸಬೇಕು ಅನ್ನುತ್ತೆ, ಕಣ್ಣಿಗೆ ಕಾಣೋದು ನಟಿಯ ಮುಖ. ದಿನಾ ನೋಡೋ ಮುಖ ಪರಿಚಯದವರದ್ದೇ ಅನ್ನಿಸೋ ಈ ಒಮ್ಮುಖ ಸಂಬಂಧದ ಬಗ್ಗೆ ಹಾರ್ಟನ್ ಮತ್ತು ವೋಲ್ ಅನ್ನೋ ಇಬ್ಬರು 1956ರಲ್ಲೇ ಬರೆದಿದ್ದಾರೆ, ಟಿವಿ ಹೊಸದಾಗಿದ್ದ ಕಾಲದಲ್ಲಿ. ಆಗ ಸಿಟ್ಟು ಬಂದ್ರೆ ಟಿವಿಗೆ ಬೈದು ಸುಮ್ಮನಾಗ್ತಿದ್ರು, ಈಗ ಅದೇ ಸಿಟ್ಟು ನಟಿಯ ಇನ್‌ಸ್ಟಾಗ್ರಾಂಗೆ ಎರಡು ಸೆಕೆಂಡಲ್ಲಿ ಮುಟ್ಟುತ್ತೆ.

ಅತ್ತೆ, ನಾದಿನಿ ಅಲ್ಲ, ಅಕ್ಕ-ತಂಗಿ

ನಮ್ಮ ಕಥೆಗಳಲ್ಲಿ ಕೆಟ್ಟವಳ ಜಾಗ ಮೊದಲಿಂದ ಅತ್ತೆಗೆ, ಸವತಿಗೆ, ನಾದಿನಿಗೆ ಮೀಸಲು. ಅವರಿಂದ ಕಷ್ಟ ಬಂದ್ರೆ ನೋಡೋರಿಗೆ ನೋವಾಗುತ್ತೆ, ಆಶ್ಚರ್ಯ ಆಗಲ್ಲ. ಅಕ್ಕ ಅಂದ್ರೆ ಅರ್ಧ ತಾಯಿ, ಮದುವೆ ಆದ ಮೇಲೂ ತವರಿನ ಕಷ್ಟ-ಸುಖ ಹೇಳ್ಕೊಳ್ಳೋಕೆ ಉಳಿಯೋ ಒಂದೇ ಬಾಗಿಲು ಅಕ್ಕನೋ ತಂಗಿಯೋ, ಆ ಬಾಗಿಲೇ ಮುಖಕ್ಕೆ ಬಡಿದ್ರೆ ಹೋಗೋದೆಲ್ಲಿಗೆ.

ಜೊತೆಗೆ ಆಸ್ತಿ ವಿಷಯ ಒಂದಿದೆ, ಇದನ್ನ ಬಿಟ್ಟು ಮಲೆನಾಡಿನ ಪ್ರತಿಕ್ರಿಯೆ ಅರ್ಥ ಆಗಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡೋ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲಾ 2005ರಲ್ಲಿ, ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡ್ತು. ಅಡಿಕೆ ತೋಟ ಇರೋ ಮನೆಗಳಲ್ಲಿ ಇದರ ಅರ್ಥ ಏನಂದ್ರೆ ಹಕ್ಕು ಬಿಡುಗಡೆ ಪತ್ರಕ್ಕೆ ಅಕ್ಕ-ತಂಗಿಯರ ಸಹಿ ಬೇಕು. ಒಬ್ಬಳು ಹಾಕ್ತಾಳೆ, ಇನ್ನೊಬ್ಬಳು ಹಾಕಲ್ಲ. ಹಾಕಿದವಳು ಅಣ್ಣನ ಪಕ್ಷ ಸೇರಿದಳು ಅಂತ ಇವಳಿಗೆ, ಹಾಕದವಳು ತವರು ಮುರಿದಳು ಅಂತ ಅವಳಿಗೆ. ಎರಡು ತಲೆಮಾರಿನ ಹಿಂದೆ ಈ ಜಗಳಕ್ಕೆ ಜಾಗಾನೇ ಇರಲಿಲ್ಲ, ಯಾಕಂದ್ರೆ ಹಂಚಿಕೊಳ್ಳೋಕೆ ಏನೂ ಕೊಡ್ತಿರಲಿಲ್ಲ. ಹಕ್ಕು ಬಂದಿದ್ದು ನೂರಕ್ಕೆ ನೂರು ಸರಿ, ಹಕ್ಕಿನ ಜೊತೆ ಅನುಮಾನಾನೂ ಬಂತು ಅನ್ನೋದೂ ನಿಜ. ವೈ ಬ್ಯಾಡ್ಜ್ ಹಾಕ್ಕೊಂಡು ಇನ್ನೊಂದು ಪಕ್ಷಕ್ಕೆ ಹೋದಾಗ ಯಾರಿಗೋ ಇದು ಗೊತ್ತಿರೋ ಕಥೆ ಅನ್ನಿಸಿದ್ರೆ ಅದರಲ್ಲಿ ವಿಚಿತ್ರ ಏನಿಲ್ಲ.

ಕದ್ರು ಪರವಾಗಿ ಮಾತಾಡೋರು

ಇನ್ನೊಂದು ವಿಷಯ, ಮಾಯಾಲೋಕದಲ್ಲಿ ಅಕ್ಕ-ತಂಗಿ ಮೋಸ ಅನ್ನೋದು ನಮಗೆ ನೆಟ್‌ಫ್ಲಿಕ್ಸ್ ಕಲಿಸಿದ್ದಲ್ಲ. ಮಹಾಭಾರತದ ಆದಿಪರ್ವದಲ್ಲೇ ಕದ್ರು-ವಿನತೆ ಇದ್ದಾರೆ. ಇಬ್ಬರೂ ದಕ್ಷನ ಮಕ್ಕಳು, ಇಬ್ಬರ ಗಂಡನೂ ಕಶ್ಯಪ, ಅಂದ್ರೆ ಒಡಹುಟ್ಟಿದವರೂ ಹೌದು ಸವತಿಯರೂ ಹೌದು. ಕದ್ರು ಸಾವಿರ ಸರ್ಪಗಳನ್ನ ಮಕ್ಕಳಾಗಿ ಕೇಳ್ತಾಳೆ, ವಿನತೆ ಅವರಿಗಿಂತ ಬಲಶಾಲಿಗಳಾದ ಇಬ್ಬರು ಸಾಕು ಅಂತಾಳೆ. ಕದ್ರು ಮೊಟ್ಟೆಗಳು ಮೊದಲು ಒಡೆದಾಗ ವಿನತೆಗೆ ತಡೆಯೋಕೆ ಆಗಲ್ಲ, ತನ್ನದೊಂದು ಮೊಟ್ಟೆ ಒಡೆದುಬಿಡ್ತಾಳೆ, ಅರ್ಧ ಬೆಳೆದ ಅರುಣ ಹೊರಗೆ ಬಂದು, ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟು ಹೀಗೆ ಮಾಡಿದ್ಯೋ ಅವಳಿಗೇ ದಾಸಿ ಆಗು ಅಂತ ಶಪಿಸ್ತಾನೆ. ಆಮೇಲೆ ಉಚ್ಚೈಃಶ್ರವಸ್ಸು ಕುದುರೆಯ ಬಾಲದ ಬಣ್ಣದ ಮೇಲೆ ಪಂಥ, ಬಿಳಿ ಬಾಲಕ್ಕೆ ಕಪ್ಪು ಕೂದಲಿನ ಥರ ಸುತ್ಕೊಳ್ಳಿ ಅಂತ ಕದ್ರು ಮಕ್ಕಳಿಗೆ ಅಪ್ಪಣೆ, ಒಪ್ಪದವರಿಗೆ ಜನಮೇಜಯನ ಯಾಗದಲ್ಲಿ ಸುಟ್ಟು ಹೋಗಿ ಅಂತ ತಾಯಿಯ ಶಾಪ. ವಿನತೆ ದಾಸಿ ಆಗ್ತಾಳೆ, ಗರುಡ ಅಮೃತ ತಂದು ಬಿಡಿಸ್ತಾನೆ.

ಕಥೆ ಕಟ್ಟಿರೋ ರೀತಿ ನೋಡಿ, ಒಂದೂ ಮುಚ್ಚಿಟ್ಟಿಲ್ಲ. ಮೋಸ ಆಗೋದು ನಮಗೆ ಮೊದಲೇ ಗೊತ್ತು, ವಿನತೆಯ ಹೊಟ್ಟೆಕಿಚ್ಚೂ ಗೊತ್ತು, ಕದ್ರು ಗೆದ್ದ ಬೆಲೆಗೆ ಅವಳ ಮಕ್ಕಳೇ ಬೆಂದು ಹೋಗ್ತಾರೆ ಅನ್ನೋದೂ ಗೊತ್ತು. ತಿರುವು ಅಂತ ಏನೂ ಉಳಿದಿಲ್ಲ, ಉಳಿಯೋದು ಸರಿ-ತಪ್ಪಿನ ವಾದ. ಮಲೆನಾಡಿನ ಮಳೆಗಾಲದ ತಾಳಮದ್ದಲೆ ನಿಂತಿರೋದೇ ಇಂಥಾ ವಾದದ ಮೇಲೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ತಾರೆ, ಬರೆದು ತಂದ ಡೈಲಾಗ್ ಇರಲ್ಲ. ಇಂಥಾ ಪಾತ್ರ ಪಾಲಿಗೆ ಬಂದವರು ಕದ್ರು ಕೆಟ್ಟವಳು ಅಂತ ಒಪ್ಕೊಂಡು ಕೂತ್ರೆ ಆಟ ಅಲ್ಲೇ ಸತ್ತು ಹೋಗುತ್ತೆ, ಅವಳ ಪರವಾಗಿ ಗಟ್ಟಿ ವಾದ ಹೂಡಲೇಬೇಕು, ಎದುರಿನವರು ಅದನ್ನ ಮುರೀಬೇಕು, ಕೇಳೋರು ಇಬ್ಬರ ಮಾತಿಗೂ ತಲೆದೂಗಬೇಕು. ಕದ್ರು ಅರ್ಥ ಹೇಳಿದವರನ್ನ ಬೆಳಗ್ಗೆ ಯಾರೂ ದಾರಿಯಲ್ಲಿ ನಿಲ್ಲಿಸಿ ಬೈಯಲ್ಲ, ಚೆನ್ನಾಗಿ ಹೇಳಿದ್ರಿ ಮಾರಾಯ್ರೆ ಅಂತ ಚಹಾ ಕೊಡಿಸ್ತಾರೆ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ಅನ್ನೋ ನಾಟಕ ಸಂಸ್ಥೆ 1949ರಿಂದ ಇದೆ, ಹಳ್ಳಿ ಜನರಿಗೆ ಸಿನಿಮಾ ತೋರಿಸಿ ಮಾತಾಡೋ ಅಭ್ಯಾಸ ಅಲ್ಲಿ ಎಪ್ಪತ್ತರ ದಶಕದಲ್ಲೇ ಬೆಳೀತು. ಅಂದ್ರೆ ಪಾತ್ರ ಬೇರೆ, ಪಾತ್ರ ಮಾಡಿದವರು ಬೇರೆ ಅನ್ನೋ ತಿಳುವಳಿಕೆ ಈ ನೆಲದಲ್ಲಿ ಇಲ್ಲದ್ದಲ್ಲ.

ಹಾಗಾದ್ರೆ ಈಗ ಕೆಟ್ಟಿದ್ದೆಲ್ಲಿ

ಕಥೆ ಪೂರ್ತಿ ತಲುಪ್ತಿಲ್ಲ, ಅದೇ ದೊಡ್ಡ ಕಾರಣ. ಆಗುಂಬೆ, ಹೊಸನಗರ ಕಡೆ ಜುಲೈ ಮಳೆ ಹಿಡೀತು ಅಂದ್ರೆ ಡಿಶ್‌ಗೆ ಸಿಗ್ನಲ್ ಬರಲ್ಲ, ಕರೆಂಟ್ ಹೋದ್ರೆ ಯಾವಾಗ ಬರುತ್ತೋ ಗೊತ್ತಿಲ್ಲ, ಎಷ್ಟೋ ಹಳ್ಳಿಗಳಲ್ಲಿ ಫೋನ್‌ಗೆ ಟವರ್ ಸಿಗೋ ಗುಡ್ಡ ಹುಡುಕ್ಕೊಂಡು ಹೋಗ್ಬೇಕು. ನಾಲ್ಕು ದಿನದ ಎಪಿಸೋಡ್ ತಪ್ಪಿದವರಿಗೆ ಐದನೇ ದಿನ ಸಿಗೋದು ಮೂವತ್ತು ಸೆಕೆಂಡಿನ ರೀಲ್, ಅದರಲ್ಲಿ ಅಕ್ಕ ತಂಗಿ ಕೆನ್ನೆಗೆ ಹೊಡೆಯೋದು ಮಾತ್ರ ಇರುತ್ತೆ. ಪೇಟೆಯಲ್ಲಿ ಟವರ್ ಚೆನ್ನಾಗಿದ್ರೂ ಕಥೆ ಅದೇ, ಅಲ್ಲಿ ಎಪಿಸೋಡ್ ನೋಡೋ ತಾಳ್ಮೆ ಇಲ್ಲ. ಆರ್ಕೇನ್ ಮೂರನೇ ಎಪಿಸೋಡ್‌ನಿಂದ ಆ ಹೊಡೆತವನ್ನಷ್ಟೇ ಕತ್ತರಿಸಿ ತೋರಿಸಿದ್ರೆ ವೈ ರಾಕ್ಷಸಿ, ಸಂದಿಯಲ್ಲಿ ಅತ್ತಿದ್ದು ಸೇರಿಸಿದ್ರೆ ಮಾತ್ರ ಅಕ್ಕ. ಕಮೆಂಟ್‌ಗಳ ಅರ್ಧ ಜಗಳ ನಡೀತಿರೋದು ಪೂರ್ತಿ ನೋಡಿದವರಿಗೂ ರೀಲ್ ನೋಡಿದವರಿಗೂ ಮಧ್ಯೆ, ಇಬ್ಬರೂ ಒಂದೇ ಕಥೆ ಬಗ್ಗೆ ಮಾತಾಡ್ತಿದ್ದೀವಿ ಅಂದ್ಕೊಂಡಿರ್ತಾರೆ.

ಮುಂದೇನಾಗಬಹುದು

ಟಿವಿಯಲ್ಲಿ ಇದು ಕಡಿಮೆ ಆಗೋ ಲಕ್ಷಣ ಇಲ್ಲ. ಬೈಗುಳವೂ ನೋಟವೇ ಅಂತ ಮೀಟರ್ ಬರ್ಕೊಳ್ಳೋವರೆಗೆ, ಸಿಟ್ಟಿನ ಕಮೆಂಟೂ ಲೆಕ್ಕಕ್ಕೆ ಬರೋವರೆಗೆ, ಕಾರಣ ಕಟ್ಟೋ ಕಷ್ಟ ಯಾರೂ ತಗೊಳಲ್ಲ, ಒಂದು ತಂಗಿ ಒಳ್ಳೆಯವಳಾದ ವಾರವೇ ಇನ್ನೊಬ್ಬ ಅಕ್ಕ ಕೆಟ್ಟವಳಾಗ್ತಾಳೆ. ಬೆಲೆ ಕೊಡೋದು ನಟಿಯರು, ಅದರಲ್ಲೂ ಸಣ್ಣ ಊರಿಂದ ಬಂದು ಮೊದಲ ಪಾತ್ರವೇ ಇಂಥದ್ದು ಸಿಕ್ಕಿದವರು, ಅವರಿಗೆ ಬರೋ ಮೆಸೇಜುಗಳನ್ನ ಓದಿ ಸಮಾಧಾನ ಹೇಳೋಕೆ ಚಾನಲ್‌ನವರು ಯಾರೂ ಪಕ್ಕದಲ್ಲಿ ಕೂತಿರಲ್ಲ. ಇದರ ಹೊಣೆಯನ್ನ ನೋಡುಗರ ಮೇಲೆ ಮಾತ್ರ ಹಾಕೋದು ಅನ್ಯಾಯ, ಕಾರಣ ಕೊಡದೆ ಕೆಟ್ಟತನ ಮಾತ್ರ ತೋರಿಸಿದವರದ್ದೂ ಪಾಲಿದೆ.

ಇನ್ನು ಆರ್ಕೇನ್ ವಿಷಯಕ್ಕೆ ಬಂದ್ರೆ, ಈ ಕಥೆ ಎರಡೇ ಸೀಸನ್‌ಗೆ ಮುಗೀತು ಅಂತ ಮಾಡಿದವರೇ ಹೇಳಿದ್ದಾರೆ. ಕೊನೇ ಎಪಿಸೋಡ್‌ನಲ್ಲಿ ಜಿಂಕ್ಸ್ ಅಕ್ಕನ್ನ ಉಳಿಸೋಕೆ ಹೋಗಿ ಸಿಡಿತದಲ್ಲಿ ಮಾಯ ಆಗ್ತಾಳೆ, ಸತ್ತಳೋ ತಪ್ಪಿಸ್ಕೊಂಡಳೋ ಅನ್ನೋದಕ್ಕೆ ಸುಳಿವು ಬಿಟ್ಟಿದ್ದಾರೆ, ಉತ್ತರ ಬಿಟ್ಟಿಲ್ಲ. ಹಾಗಾಗಿ ಅಕ್ಕ ಸರಿಯೋ ತಂಗಿ ಸರಿಯೋ ಅನ್ನೋದಕ್ಕೆ ತೀರ್ಪು ಹೇಳೋಕೆ ಮೂರನೇ ಸೀಸನ್ ಬರುತ್ತೆ ಅಂತ ಕಾಯ್ತಿರೋರು ಕಾಯೋದು ಬೇಡ, ಇರೋ ಹದಿನೆಂಟು ಎಪಿಸೋಡ್ ಇಟ್ಕೊಂಡೇ ವಾದ ಮಾಡ್ಬೇಕು, ಮತ್ತೆ ವಾದಕ್ಕೆ ಇಳಿಯೋ ಮುಂಚೆ ಮೊದಲ ಸೀಸನ್‌ನ ಆ ಮೂರನೇ ಎಪಿಸೋಡನ್ನ ಇನ್ನೊಂದು ಸಲ ಪೂರ್ತಿ ನೋಡಿ.